ತಂಗಡಿ ಕಡ್ಡಿಯ ಉಕ್ಕು

ಬಿಇ ಮೊದಲ ವರ್ಷ ವರ್ಕ್‌ಶಾಪಿನಲ್ಲಿ ಮೈಲ್ಡ್ ಸ್ಟೀಲ್ ತುಂಡನ್ನ ಅರದಿಂದ ಉಜ್ಜಿದ್ದು ನೆನಪಿದೆಯಾ? ಸವೆಯೋದೂ ಉಕ್ಕು, ಸವೆಸೋದೂ ಉಕ್ಕು. ವ್ಯತ್ಯಾಸ ಇಂಗಾಲದ್ದು. ಮೈಲ್ಡ್ ಸ್ಟೀಲಿನಲ್ಲಿ ಅದು ಶೇಕಡಾ 0.25ರ ಒಳಗೆ, ಅರದಲ್ಲಿ ಶೇಕಡಾ 1ರ ಆಸುಪಾಸು. ಜತೆಗೆ ಕೆಂಪಗೆ ಕಾಯಿಸಿ ಅದ್ದಿ ಹದ ಮಾಡಿರ್ತಾರೆ.

ಈ ಪಾಠ ನಮ್ಮ ಸೀಮೆಗೆ ಹೊಸದೇನಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯವರು ಉಕ್ಕು ಮಾಡೋ ಬಗೆಯನ್ನ ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿರೆಲೆ. ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸಿದರೆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರುತ್ತೆ. ಇಂಗಾಲದ ಹೆಸರು ಗೊತ್ತಿಲ್ಲದಿದ್ದರೂ ಅಳತೆ ಅವರ ಕೈಗೆ ಗೊತ್ತಿತ್ತು.

ನಮ್ಮ ಪುಟ್ಟೇನಹಳ್ಳಿಯಿಂದ ಒಂದೂವರೆ ಗಂಟೆ ದಾರಿಯ ಚನ್ನಪಟ್ಟಣ ಇವತ್ತು ಗೊಂಬೆಗೆ ಹೆಸರುವಾಸಿ. ಆಗ ಅಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೀತಿದ್ದರು. ಅದು ದೂರದೂರಕ್ಕೆ ಹೋಗ್ತಿತ್ತು ಅಂತಾನೂ ಬುಕಾನನ್ ಬರೀತಾನೆ. ಉಕ್ಕು ಒಂದೇ ಸಮ ಇಲ್ಲದಿದ್ದರೆ ತಂತಿ ಎಳೆಯುವಾಗಲೇ ಪಟ್ ಅನ್ನುತ್ತೆ.

ಆಮೇಲೆ ಅಗ್ಗದ ವಿಲಾಯಿತಿ ಉಕ್ಕು ಬಂತು, ಕುಲುಮೆಗಳು ಆರಿದವು. ಬರೆದಿಟ್ಟವನು ಹೊರಗಿನವನು, ಮಾಡ್ತಿದ್ದವರ ವಿದ್ಯೆ ಅವರ ಜತೆಗೇ ಹೋಯ್ತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದಾಗ ಲೇತ್ ಮಾಡೋದನ್ನ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯಿಂದ ಕಲಿಯಬೇಕಾಯ್ತು. ಆದರೆ ಈ ಸಲ ಒಂದು ಬದಲಾವಣೆ ಇತ್ತು: ಕಾರ್ಖಾನೆ ಜತೆ ತರಬೇತಿ ಕೇಂದ್ರವೂ ಬಂತು. ಹಳ್ಳಿ ಹುಡುಗರೂ ಮೈಕ್ರೋಮೀಟರ್ ಹಿಡಿದರು.

ಕುಲುಮೆ ಆರಿದರೆ ಮತ್ತೆ ಹಚ್ಚಬಹುದು. ಕಲಿಸೋದು ನಿಂತರೆ ಹಚ್ಚೋಕೆ ಕೈಗಳೇ ಇರಲ್ಲ.