ಲಿನಕ್ಸ್ ಮತ್ತು ವಿಂಡೋಸ್
ಕಂಪ್ಯೂಟರಿನ ಎರಡು ಪ್ರಮುಖ ಕಾರ್ಯಾಚರಣೆ ವ್ಯವಸ್ಥೆಗಳು; ಮೊದಲನೆಯದು ಮುಕ್ತ ತಂತ್ರಾಂಶ, ಎರಡನೆಯದು ವಾಣಿಜ್ಯ ಉತ್ಪನ್ನ. ಮೈಕ್ರೋಸಾಫ್ಟ್ 1985ರಲ್ಲಿ ಮಾರುಕಟ್ಟೆಗೆ ತಂದ ವಿಂಡೋಸ್‌ನ ಆಕರ ಸಂಕೇತ (ಸೋರ್ಸ್ ಕೋಡ್) ಕಂಪನಿಯ ಸ್ವತ್ತು. ಬಳಕೆದಾರ ಕೊಳ್ಳುವುದು ಪರವಾನಗಿಯನ್ನಷ್ಟೇ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ. ಮರುವರ್ಷ ಅದು ಜಿಪಿಎಲ್ ಪರವಾನಗಿಗೆ ಒಳಪಟ್ಟಿತು: ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಲಿನಕ್ಸ್ ಬೆಳೆದದ್ದರಲ್ಲಿ ಈ ಷರತ್ತಿನ ಪಾಲು ದೊಡ್ಡದು. ಹಾಗೆಂದು ಲಿನಕ್ಸ್ ವ್ಯಾಪಾರಕ್ಕೆ ಹೊರತಲ್ಲ. ರೆಡ್ ಹ್ಯಾಟ್ ಎಂಬ ಸಂಸ್ಥೆ ಲಿನಕ್ಸ್‌ನ ನಿರ್ವಹಣಾ ಸೇವೆಯನ್ನು ಮಾರಿಯೇ ದೊಡ್ಡ ಕಂಪನಿಯಾಯಿತು. ಮನೆ, ಕಚೇರಿಗಳ ಕಂಪ್ಯೂಟರಿನಲ್ಲಿ ವಿಂಡೋಸ್‌ನದೇ ಮೇಲುಗೈ. ಕನ್ನಡ ಬೆರಳಚ್ಚಿನ ‘ನುಡಿ’, ‘ಬರಹ’ ತಂತ್ರಾಂಶಗಳೂ ಅದನ್ನೇ ನೆಚ್ಚಿ ಬಂದವು. ಸರ್ವರ್, ಸೂಪರ್ ಕಂಪ್ಯೂಟರುಗಳಲ್ಲಿ ಲಿನಕ್ಸ್ ಮುಂದಿದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಅದರ ಕರ್ನೆಲ್ಲೇ.