ಅಂಡಾಶಯದ ಕ್ಯಾನ್ಸರ್: ರಕ್ತದ ವರದಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವವರ ಫೈಲಿನಲ್ಲಿ ರಕ್ತಪರೀಕ್ಷೆಯ ವರದಿಗಳೇ ಹೆಚ್ಚು. ಸಿಎ 125 ಎಷ್ಟಾಯಿತು, ಬಿಳಿ ರಕ್ತಕಣ ಎಷ್ಟಿದೆ, ಪ್ಲೇಟ್‌ಲೆಟ್ ಎಷ್ಟಿದೆ ಎಂದು ಮನೆಯವರು ಪ್ರತಿ ಸಲವೂ ಹುಡುಕಿ ನೋಡುತ್ತಾರೆ. ಸಂಖ್ಯೆ ಏರಿದ್ದರೆ ಅಂದು ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಗಡಿಭಾಗದ ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ಕಾಸರಗೋಡಿನವರು ಮಂಗಳೂರಿಗೋ ತಲಶ್ಶೇರಿಗೋ ಹೋಗುತ್ತಾರೆ. ಸೊಲ್ಲಾಪುರದವರು ಬಾರ್ಶಿಗೋ ಮುಂಬೈಗೋ. ಮಡಕಶಿರಾದವರು ಬೆಂಗಳೂರಿನ ಕಿದ್ವಾಯಿಗೆ. ಶಸ್ತ್ರಚಿಕಿತ್ಸೆ ಅಲ್ಲಿ, ನಡುವಿನ ರಕ್ತಪರೀಕ್ಷೆ ಊರಿನ ಲ್ಯಾಬಿನಲ್ಲಿ. ವಿವರಣೆ ಸಿಕ್ಕಿದರೂ ಅದು ಕನ್ನಡದಲ್ಲಿ ಇರುತ್ತದೆ ಎನ್ನುವಂತಿಲ್ಲ. ಈ ಸಂಖ್ಯೆಗಳ ಅರ್ಥ ಕನ್ನಡದಲ್ಲಿ ಒಂದೆಡೆ ಸಿಗಲಿ ಎಂದು ಈ ಲೇಖನ.

ಸಿಎ 125 ಎಂದರೇನು?

ಇದು ಅಂಡಾಶಯದ ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. ಇದನ್ನು ಗುರುತಿಸುವ ಪ್ರತಿಕಾಯವನ್ನು ಅಮೆರಿಕದ ವೈದ್ಯ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದರು. ಸಾಮಾನ್ಯವಾಗಿ ಮಿಲಿಲೀಟರಿಗೆ 35 ಯೂನಿಟ್‌ಗಿಂತ ಕಡಿಮೆ ಇರಬೇಕು ಎಂಬುದು ವಾಡಿಕೆ.

ರೋಗ ಹೊಟ್ಟೆಯಲ್ಲೆಲ್ಲ ಹರಡಿದ ಹಂತದಲ್ಲಿ ಸುಮಾರು ಶೇ. 80ರಷ್ಟು ರೋಗಿಗಳಲ್ಲಿ ಇದು ಏರಿರುತ್ತದೆ. ಮೊದಲ ಹಂತದಲ್ಲಿ ಮಾತ್ರ ಸುಮಾರು ಅರ್ಧದಷ್ಟು ಜನರಲ್ಲಿ ಏರುತ್ತದೆ. ಕ್ಯಾನ್ಸರ್ ಇಲ್ಲದೆಯೂ ಏರುವುದುಂಟು: ಮುಟ್ಟಿನ ದಿನಗಳು, ಗರ್ಭಧಾರಣೆ, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಗೆಡ್ಡೆ, ಲಿವರ್ ಕಾಯಿಲೆ, ಹೃದಯ ವೈಫಲ್ಯ. ನಮ್ಮ ದೇಶದಲ್ಲಿ ಮರೆಯಬಾರದ ಕಾರಣ ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು ತುಂಬಿ ಸಿಎ 125 ನೂರಾರು ಆಗಿದ್ದರೂ ಅದು ಪೂರ್ತಿ ವಾಸಿಯಾಗುವ ಕ್ಷಯ ಆಗಿರಬಹುದು. ಆದ್ದರಿಂದಲೇ ವೈದ್ಯರು ಸ್ಕ್ಯಾನ್, ದ್ರವದ ಪರೀಕ್ಷೆ, ಬಯಾಪ್ಸಿ ಕೇಳುವುದು.

ಆರೋಗ್ಯವಂತ ಮಹಿಳೆಯರೆಲ್ಲ ವರ್ಷಕ್ಕೊಮ್ಮೆ ಇದನ್ನು ಮಾಡಿಸಬಹುದೇ? ಬ್ರಿಟನ್ನಿನಲ್ಲಿ 50ರಿಂದ 74 ವಯಸ್ಸಿನ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ದೀರ್ಘ ಅಧ್ಯಯನ ನಡೆಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೀಗೆ ತಪಾಸಣೆ ಮಾಡಿಸಿದ್ದರಿಂದ ಈ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ರೋಗಲಕ್ಷಣವಾಗಲಿ ಕುಟುಂಬದ ಇತಿಹಾಸವಾಗಲಿ ಇಲ್ಲದವರಿಗೆ ಪ್ಯಾಕೇಜ್ ತಪಾಸಣೆಯ ಸಿಎ 125 ಬೇಕಿಲ್ಲ.

ಚಿಕಿತ್ಸೆಯ ನಡುವೆ

ರೋಗ ಖಚಿತವಾದ ಮೇಲೆ ಇದೇ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಿಮೊಥೆರಪಿ ಶುರುವಾದ ಮೇಲೆ ಸಂಖ್ಯೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಔಷಧಕ್ಕೆ ರೋಗ ಬಗ್ಗುತ್ತಿದೆಯೇ ಎಂಬುದರ ಸೂಚನೆ. ಮೊದಲ 100 ದಿನಗಳಲ್ಲಿ ತೆಗೆದ ಕನಿಷ್ಠ ಮೂರು ವರದಿಗಳಿಂದ ಈ ಇಳಿಕೆಯ ವೇಗವನ್ನು ಲೆಕ್ಕ ಹಾಕುವ ಕೆಲಿಮ್ ಎಂಬ ವಿಧಾನವನ್ನು ಫ್ರಾನ್ಸಿನ ವೈದ್ಯರು ರೂಪಿಸಿದ್ದಾರೆ. ಒಂದೇ ಒಂದು ವರದಿಗಿಂತ ಸಾಲಾಗಿ ಬಂದ ವರದಿಗಳಿಗೆ ಬೆಲೆ ಹೆಚ್ಚು.

ಚಿಕಿತ್ಸೆ ಮುಗಿದು ಚೆನ್ನಾಗಿರುವಾಗ ಸಿಎ 125 ಮತ್ತೆ ಏರಿದರೆ? ಲಕ್ಷಣ ಕಾಣುವ ಕೆಲವು ತಿಂಗಳ ಮೊದಲೇ ಅದು ಏರಬಹುದು. ಆದರೆ 2010ರಲ್ಲಿ ಪ್ರಕಟವಾದ ಯೂರೋಪಿನ ದೊಡ್ಡ ಅಧ್ಯಯನದಲ್ಲಿ, ಸಂಖ್ಯೆ ಏರಿದ ಕೂಡಲೇ ಕಿಮೊ ಕೊಟ್ಟವರು ಲಕ್ಷಣ ಬರುವವರೆಗೆ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಕಿಮೊದ ಕಷ್ಟ ಮಾತ್ರ ಬೇಗ ಶುರುವಾಯಿತು. ಆಗ ಇಂದಿನ ಕೆಲವು ಹೊಸ ಮಾತ್ರೆಗಳು ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಮುಂದೇನು ಎಂಬುದನ್ನು ನಿಮ್ಮ ವೈದ್ಯರೊಡನೆ ಕೂತೇ ತೀರ್ಮಾನಿಸಬೇಕು. ಸಂಖ್ಯೆ ಏರಿತೆಂದು ಅದೇ ದಿನ ಗಾಬರಿಯಿಂದ ಓಡಬೇಕಾಗಿಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ಉರಿಯೂತದ ಗುರುತುಗಳು

ಗಾಯವಾದಾಗ, ಸೋಂಕು ತಗುಲಿದಾಗ ದೇಹ ತೋರುವ ಪ್ರತಿಕ್ರಿಯೆಯೇ ಉರಿಯೂತ. ಕ್ಯಾನ್ಸರ್ ಗೆಡ್ಡೆಯೂ ಇಂಥ ಪ್ರತಿಕ್ರಿಯೆಯನ್ನು ಹುಟ್ಟಿಸಿ, ಅದನ್ನೇ ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ. ಅಂಡಾಶಯದ ಗೆಡ್ಡೆ ಇಂಟರ್‌ಲ್ಯೂಕಿನ್ 6 ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಅದರ ಪ್ರಚೋದನೆಯಿಂದ ಲಿವರ್ ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ, ಅಲ್ಬುಮಿನ್ ಇಳಿಯುತ್ತದೆ, ಪ್ಲೇಟ್‌ಲೆಟ್ ತಯಾರಿಗೆ ಬೇಕಾದ ಹಾರ್ಮೋನ್ ಏರುತ್ತದೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 619 ರೋಗಿಗಳ ಪೈಕಿ ಶೇ. 31 ಮಂದಿಗೆ ರೋಗ ಪತ್ತೆಯಾದಾಗಲೇ ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿತ್ತು. ಅವರಲ್ಲಿ ರೋಗ ಹೆಚ್ಚು ಮುಂದುವರಿದಿತ್ತು, ಬದುಕಿದ ಅವಧಿಯೂ ಕಡಿಮೆಯಿತ್ತು.

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್‌ಗಳು ಉರಿಯೂತದಲ್ಲಿ ಹೆಚ್ಚುತ್ತವೆ. ಲಿಂಫೋಸೈಟ್‌ಗಳು ಗೆಡ್ಡೆಯ ವಿರುದ್ಧ ಹೋರಾಡುವ ಕಣಗಳು. 2003ರ ಒಂದು ಅಧ್ಯಯನದಲ್ಲಿ, ಗೆಡ್ಡೆಯೊಳಗೆ ಟಿ ಲಿಂಫೋಸೈಟ್ ಹೊಕ್ಕಿದ್ದ ಮಹಿಳೆಯರಲ್ಲಿ ಶೇ. 38 ಮಂದಿ ಐದು ವರ್ಷ ದಾಟಿದ್ದರು; ಹೊಕ್ಕಿರದವರಲ್ಲಿ ಶೇ. 4.5 ಮಾತ್ರ. ಇದು ಗೆಡ್ಡೆಯೊಳಗಿನ ಲೆಕ್ಕ, ರಕ್ತದ್ದಲ್ಲ. ಆದರೂ ರಕ್ತದಲ್ಲಿ ಈ ಎರಡು ಕಣಗಳ ತೂಕ ನೋಡಬೇಕೆಂದು ಸಂಶೋಧಕರಿಗೆ ಏಕೆ ಅನ್ನಿಸಿತು ಎಂಬುದು ಇದರಿಂದ ಅರ್ಥವಾಗುತ್ತದೆ.

ಆ ಲೆಕ್ಕ ಸುಲಭ. ಸಾಮಾನ್ಯ ಸಿಬಿಸಿ ವರದಿಯಲ್ಲಿ ನ್ಯೂಟ್ರೋಫಿಲ್ ಶೇ. 72, ಲಿಂಫೋಸೈಟ್ ಶೇ. 18 ಇದ್ದರೆ 72ನ್ನು 18ರಿಂದ ಭಾಗಿಸಿ: ಅನುಪಾತ 4. ಇದನ್ನು ಎನ್‌ಎಲ್‌ಆರ್ ಎನ್ನುತ್ತಾರೆ. ಪ್ಲೇಟ್‌ಲೆಟ್ ಮೂರು ಲಕ್ಷ, ಲಿಂಫೋಸೈಟ್ 1,500 ಇದ್ದರೆ ಪಿಎಲ್‌ಆರ್ 200. ಚಿಕಿತ್ಸೆಗೆ ಮೊದಲು ಈ ಅನುಪಾತಗಳು ಹೆಚ್ಚಿದ್ದವರಲ್ಲಿ ಒಟ್ಟಾರೆ ಫಲಿತಾಂಶ ಕೊಂಚ ಹಿಂದೆ ಬಿದ್ದಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಎಲ್ಲಿ ಎಡವುತ್ತೇವೆ?

ಎಷ್ಟಾದರೆ ಹೆಚ್ಚು ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಒಂದೊಂದು ಅಧ್ಯಯನ ಒಂದೊಂದು ಸಂಖ್ಯೆ ಹಿಡಿದಿದೆ. ಇನ್ನು ಈ ಅನುಪಾತ ಅಲುಗಾಡಲು ಸಣ್ಣ ಕಾರಣಗಳೂ ಸಾಕು. ಪ್ಯಾಕ್ಲಿಟ್ಯಾಕ್ಸೆಲ್ ಕೊಡುವ ಮುನ್ನ ಹಾಕುವ ಸ್ಟೆರಾಯ್ಡ್ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಬಿಳಿ ಕಣ ಹೆಚ್ಚಿಸಲು ಕೊಡುವ ಇಂಜೆಕ್ಷನ್, ಜ್ವರ, ಮೂತ್ರದ ಸೋಂಕು, ಇತ್ತೀಚಿನ ಶಸ್ತ್ರಚಿಕಿತ್ಸೆ ಎಲ್ಲವೂ ಲೆಕ್ಕ ಕೆಡಿಸುತ್ತವೆ. ಕಬ್ಬಿಣದ ಕೊರತೆಯಿದ್ದರೆ ಪ್ಲೇಟ್‌ಲೆಟ್ ಏರಬಹುದು. ಡೆಂಗಿ ಬಂದರೆ ಇಳಿಯುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು: ಈ ಅಧ್ಯಯನಗಳು ನೂರಾರು ಜನರ ಸರಾಸರಿ ಹೇಳುತ್ತವೆ. ತಾಲೂಕಿನ ಸರಾಸರಿ ಮಳೆ ಗೊತ್ತಿದ್ದ ಮಾತ್ರಕ್ಕೆ ನಿಮ್ಮ ಹೊಲಕ್ಕೆ ಎಷ್ಟು ಬಿತ್ತೆಂದು ಹೇಳಲಾಗದು. ಒಬ್ಬ ಮಹಿಳೆ ಎಷ್ಟು ಕಾಲ ಬದುಕುತ್ತಾಳೆ ಎಂಬುದನ್ನು ಒಂದು ಎನ್‌ಎಲ್‌ಆರ್ ನೋಡಿ ಯಾರೂ ಹೇಳಲಾರರು. ಹೆಚ್ಚು ನಿರ್ಧಾರಕವಾದವು ಬೇರೆ ಇವೆ: ರೋಗದ ಹಂತ, ಗೆಡ್ಡೆಯ ಬಗೆ, ಶಸ್ತ್ರಚಿಕಿತ್ಸೆಯ ನಂತರ ಕಣ್ಣಿಗೆ ಕಾಣುವ ಗೆಡ್ಡೆ ಉಳಿದಿದೆಯೇ ಇಲ್ಲವೇ, ಪ್ಲಾಟಿನಂ ಔಷಧಕ್ಕೆ ಸ್ಪಂದನೆ, ಬಿಆರ್‌ಸಿಎ ಜೀನಿನ ಬದಲಾವಣೆ, ರೋಗಿಯ ವಯಸ್ಸು ಮತ್ತು ದೇಹಶಕ್ತಿ.

ಸದಸ್ಯರು ಮಾಡಬಹುದಾದದ್ದು

• ಸಿಎ 125 ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಯಂತ್ರ, ವಿಧಾನ ಬದಲಾದರೆ ಸಂಖ್ಯೆಯೂ ಬದಲಾಗಬಹುದು.

• ಒಂದು ಹಾಳೆಯಲ್ಲಿ ದಿನಾಂಕ, ಲ್ಯಾಬಿನ ಹೆಸರು, ಸಿಎ 125, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಅಲ್ಬುಮಿನ್ ಬರೆದಿಡಿ. ಪಕ್ಕದಲ್ಲಿ ಕಿಮೊ ದಿನ, ಜ್ವರ, ಸ್ಟೆರಾಯ್ಡ್, ಇಂಜೆಕ್ಷನ್ ಗುರುತಿಸಿ. ಆಸ್ಪತ್ರೆ ಯಾವ ರಾಜ್ಯದ್ದಾದರೂ ಈ ಹಾಳೆ ಕೆಲಸಕ್ಕೆ ಬರುತ್ತದೆ.

• ವೈದ್ಯರನ್ನು ಕೇಳಿ: ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆ ಪೂರ್ತಿ ತೆಗೆಯಲಾಯಿತೇ? ಬಿಆರ್‌ಸಿಎ ಪರೀಕ್ಷೆ ಬೇಕೇ? ಬದಲಾವಣೆ ಕಂಡುಬಂದರೆ ಅಕ್ಕತಂಗಿಯರಿಗೂ ಮಕ್ಕಳಿಗೂ ಅದು ತಿಳಿದಿರಬೇಕಾದ ವಿಷಯ.

• ಅಲ್ಬುಮಿನ್ ಕಡಿಮೆಯಿದ್ದರೆ ಊಟದ ಬಗ್ಗೆ ಆಹಾರತಜ್ಞರ ಸಲಹೆ ಕೇಳಿ. ಪಥ್ಯವೆಂದು ಬೇಳೆ, ಮೊಟ್ಟೆ, ಮೊಸರು ಬಿಡಿಸಬೇಡಿ.

• ಹೊಸದಾಗಿ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇವುಗಳಲ್ಲಿ ಯಾವುದಾದರೂ ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಕಾಡಿದರೆ, ಅದರಲ್ಲೂ 50 ದಾಟಿದವರು, ಗ್ಯಾಸ್ ಮಾತ್ರೆ ನುಂಗುತ್ತಾ ಕೂರದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ನಮ್ಮ ಮನೆಗಳಲ್ಲಿ ಅಮ್ಮ, ಅಜ್ಜಿ, ಅತ್ತೆ ಇದನ್ನು ತಾವಾಗಿ ಹೇಳುವುದು ಅಪರೂಪ. ಉಳಿದವರೇ ವಿಚಾರಿಸಬೇಕು.