ಬೋಡೋ ಊರಿನ ಕೆಸರು ಇಟ್ಟ ಲೆಕ್ಕ

ಮೊದಲ ಎಂಟ್ರಿ ತಪ್ಪಾದ್ರೆ ಮುಂದಿನ ಲೆಕ್ಕವೆಲ್ಲ ತಪ್ಪು ಅಂತ ಬಿಕಾಂ ಕ್ಲಾಸಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಇವತ್ತಿನ ಇತಿಹಾಸ ಅಂಥದ್ದೇ ಒಂದು ಎಂಟ್ರಿದು.

ಜಾಗ ನೈಜೀರಿಯಾ. ನೈಜರ್ ನದಿ ಸಮುದ್ರ ಸೇರೋ ಕಡೆ, ಒಗೋನಿ ಜನರ ಸೀಮೆಯಲ್ಲಿ ಬೋಡೋ ಅನ್ನೋ ಊರು. ಸುತ್ತ ಮ್ಯಾಂಗ್ರೋವ್ ಕಾಡು. ನಮ್ಮ ಕರಾವಳಿಯವರು ಕಾಂಡ್ಲಾ ಅಂತಾರಲ್ಲ, ಅಂಥದ್ದೇ. ಮೀನು, ಏಡಿ, ಸೌದೆ ಎಲ್ಲಾ ಅಲ್ಲಿಂದಲೇ.

1956ರಲ್ಲಿ ಆ ಕಡೆಯ ಓಲೊಯಿಬಿರಿಯಲ್ಲಿ ಎಣ್ಣೆ ಸಿಕ್ತು. ಆಮೇಲೆ ಊರೂರಿಗೆ ಪೈಪ್‌ಲೈನ್ ಬಂತು. 2008ರಲ್ಲಿ ಶೆಲ್‌ನ ನೈಜೀರಿಯಾ ಕಂಪನಿ ನಡೆಸುತ್ತಿದ್ದ ಪೈಪ್ ಬೋಡೋ ಹತ್ತಿರ ಎರಡು ಸಲ ಸೋರಿತು. ವಾರಗಟ್ಟಲೆ ಕಚ್ಚಾ ಎಣ್ಣೆ ಹರಿಯಿತು. ಎರಡೂ ಸೇರಿ ಸುಮಾರು 4,000 ಬ್ಯಾರೆಲ್ ಅಂತ ಕಂಪನಿ ಹೇಳುತ್ತಾ ಬಂತು.

ಈಗ ಕೆಸರಿನ ವಿಷಯ ಕೇಳಿ. ಎಣ್ಣೆಯ ಹಗುರ ಭಾಗ ಬಿಸಿಲಿಗೆ ಆವಿಯಾಗುತ್ತೆ. ಭಾರದ ಹೈಡ್ರೋಕಾರ್ಬನ್‌ಗಳು ಏಡಿ ಕೊರೆದ ಬಿಲ, ಕೊಳೆತ ಬೇರಿನ ಸಂದು ಹಿಡಿದು ಕೆಳಗಿಳಿಯುತ್ತವೆ. ಅಲ್ಲಿ ಆಮ್ಲಜನಕ ಇಲ್ಲ, ಎಣ್ಣೆ ತಿನ್ನೋ ಬ್ಯಾಕ್ಟೀರಿಯಾದ ಕೆಲಸ ತುಂಬಾ ನಿಧಾನ. ಮೇಲೆ ನೀರು ತಿಳಿಯಾಗಿ ಕಂಡ್ರೂ ಅಡಿಯಲ್ಲಿ ಎಣ್ಣೆ ವರ್ಷಗಟ್ಟಲೆ ಉಳಿಯುತ್ತೆ. ಉಸಿರಾಡೋ ಬೇರು ಮುಚ್ಚಿಹೋಗಿ ಮರಗಳು ಸಾಯುತ್ತವೆ.

2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇಡೀ ಒಗೋನಿ ಸೀಮೆಯ ವರದಿ ಕೊಟ್ಟಿತು. ಒಂದು ಊರಿನ ಬಾವಿ ನೀರಲ್ಲಿ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಸೀಮೆ ಪೂರ್ತಿ ಸುಧಾರಿಸಲು 25ರಿಂದ 30 ವರ್ಷ ಬೇಕಾಗಬಹುದು ಅಂತಲೂ ಅದರಲ್ಲಿತ್ತು.

ಬೋಡೋ ಜನ ಲಂಡನ್ ಕೋರ್ಟಿಗೆ ಹೋದ್ರು. ಸೋರಿದ್ದು ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಅಂತ 2014ರಲ್ಲಿ ಕಂಪನಿಯೇ ಒಪ್ಪಿಕೊಳ್ತು. 2015ರ ಜನವರಿಯಲ್ಲಿ 5.5 ಕೋಟಿ ಪೌಂಡಿಗೆ ರಾಜಿ ಆಯ್ತು. ಅದರಲ್ಲಿ 3.5 ಕೋಟಿ 15,600 ಜನರಿಗೆ, ಉಳಿದದ್ದು ಊರಿಗೆ. ಭಾಗಿಸಿ ನೋಡಿ, ತಲೆಗೆ ಸುಮಾರು 2,240 ಪೌಂಡ್.

ರಾಜಿಯೇನೋ ಆಯ್ತು. ಕೆಸರು ತೊಳೆಯೋ ಕೆಲಸ ಶುರುವಾಗಿದ್ದು 2017ರಲ್ಲಿ, ಸೋರಿ ಒಂಬತ್ತು ವರ್ಷ ಆದಮೇಲೆ. ಅಷ್ಟು ದಿನ ಏಡಿ ಹಿಡಿಯೋಕೆ ಆಗದವರ ಮನೆ ಹೇಗೆ ನಡೀತು, ಯೋಚಿಸಿ.

ನಾಳೆ ನಮ್ಮಲ್ಲೇ ಯಾರೋ ಆಡಿಟರ್ ಆಗ್ತೀರಿ, ಯಾರೋ ಕಂಪನಿ ಅಕೌಂಟ್ಸಲ್ಲಿ ಕೂರ್ತೀರಿ. ‘ಸೋರಿಕೆ: 4,000’ ಅಂತ ಒಂದು ಸಾಲು ಕಣ್ಣಿಗೆ ಬಿದ್ರೆ ಅಳೆದವರು ಯಾರು ಅಂತ ಒಮ್ಮೆ ಕೇಳಿ.